ಸುಂಕದವನ ಮುಂದೆ ನಮ್ಮ ಮನೆಯ ಸುಖದುಃಖ

2025ರ ಡಿಸೆಂಬರ್‌ನ ಒಂದು ಶನಿವಾರ. ಬೆಳಗ್ಗೆ ಏಳೂಕಾಲಿಗೆ ಭಾವ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಕೆಂಪು ಸೇತುವೆಯ ಫೋಟೋ, ಅದರ ಮೇಲೆ ಹಳದಿ ಅಕ್ಷರ. ‘ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಫೀಸಿಗೆ ಹೋಗಿ ಬರಲು ಸೇತುವೆ ಟೋಲ್ 8+8=16 ಡಾಲರ್. ಅಂದರೆ ದಿನಕ್ಕೆ ₹1440! ಬೆಂಗಳೂರಿನವರೇ, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಟೋಲ್‌ಗೆ ಅಳಬೇಡಿ. ಹತ್ತು ಜನಕ್ಕೆ ಕಳಿಸಿ.’ ಕೆಳಗೆ ನಗುತ್ತಾ ಅಳುವ ಮುಖಗಳು ನಾಲ್ಕು.

ನಮ್ಮ ಗುಂಪಿನ ಹೆಸರು ‘ಹೊಳೆದಂಡೆ ಮನೆ’. ಹೊಳೆಯಲ್ಲಿ ನೀರಿಲ್ಲ, ಮನೆ ಮಾರಿ ಆಗಿದೆ. ಗುಂಪು ಮಾತ್ರ ಗಟ್ಟಿಯಾಗಿದೆ. 34 ಜನ. ಅಡ್ಮಿನ್ ನಾನು. ಅಂದರೆ ಎಲ್ಲರೂ ಜಗಳ ಆಡಿ ಸುಸ್ತಾದ ಮೇಲೆ ‘ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ’ ಅಂತ ಬೈಸಿಕೊಳ್ಳುವ ಕೆಲಸ.

ಭಾವ ತಮಾಷೆಗೆ ಹಾಕಿದ್ದು ಅಂತ ಆಮೇಲೆ ಹೇಳಿದರು. ನನಗೆ ನಂಬಿಕೆ ಇಲ್ಲ. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಕಾರಲ್ಲಿ ಹೋಗುವ ಮನುಷ್ಯ. ತಿಂಗಳ ಕೊನೆಯಲ್ಲಿ ಟೋಲ್ ಲೆಕ್ಕ ನೋಡಿ ಅಕ್ಕನ ಮುಂದೆ ಗೊಣಗುತ್ತಾರೆ. ನಮಗಿಂತ ಜಾಸ್ತಿ ಕೊಡುವವರು ಎಲ್ಲೋ ಇದ್ದಾರೆ ಅಂದರೆ ಸ್ವಲ್ಪ ಸಮಾಧಾನ ಆಗುತ್ತದೆ, ಅಲ್ವಾ?

ಏಳೂ ಇಪ್ಪತ್ತಕ್ಕೆ ರಾಜಾಜಿನಗರದ ಚಿಕ್ಕಪ್ಪನ ಉತ್ತರ ಬಂತು.

‘ಮೂಲ?’

ಚಿಕ್ಕಪ್ಪ ಆಡಿಟ್ ಕೆಲಸ ಮಾಡಿ ರಿಟೈರ್ ಆದವರು. ಹುಟ್ಟುಹಬ್ಬದ ಶುಭಾಶಯಕ್ಕೂ ಮೂಲ ಕೇಳುವ ಪೈಕಿ. ಹುಡುಗರು ಬೇರೆ ಗುಂಪು ಮಾಡಿಕೊಂಡಿದ್ದಾರೆ, ಅಲ್ಲಿ ಅವರ ಹೆಸರು ಮೂಲವ್ಯಾಧಿ.

‘ಮೊದಲನೆಯದಾಗಿ ಆ ಫೋಟೋ ಗೋಲ್ಡನ್ ಗೇಟ್‌ದು. ಅದರ ಟೋಲ್ 8 ಡಾಲರ್ ಅಲ್ಲ. ಎರಡನೆಯದಾಗಿ ಅಲ್ಲಿ ಎಷ್ಟು ಸಂಬಳ? ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ ಹದಿನಾರೂವರೆ ಡಾಲರ್. ಅಂದ್ರೆ ಅರ್ಧ ಗಂಟೆ ದುಡಿದ್ರೆ ಸೇತುವೆ ದಾಟಬಹುದು. ಇಲ್ಲಿ ಅರ್ಧ ಗಂಟೆ ಕೂಲಿಗೆ ಮೇಲ್ಸೇತುವೆ ಟೋಲ್ ಹುಟ್ಟುತ್ತಾ?’

ಒಳ್ಳೆಯ ಪ್ರಶ್ನೆ. ಉತ್ತರ ಬರಬೇಕಾದರೆ ಮೇಲ್ಸೇತುವೆ ಟೋಲ್ ಎಷ್ಟು ಅಂತ ಗೊತ್ತಿರಬೇಕು. ಒಬ್ಬರು ಅರವತ್ತು ಅಂದರು, ಇನ್ನೊಬ್ಬರು ಎಪ್ಪತ್ತು. ಅಕ್ಕ ‘ನಮ್ಮನೇಲಿ ಕಾರ್ಡಲ್ಲಿ ಹೋಗುತ್ತೆ, ಗೊತ್ತಿಲ್ಲ’ ಅಂದಳು. ಚಿಲ್ಲರೆ ಎಣಿಸಿ ಕೊಡುತ್ತಿದ್ದಾಗ ಪ್ರತಿ ರೂಪಾಯಿಯೂ ನೆನಪಿರುತ್ತಿತ್ತು. 2021ರ ಫೆಬ್ರುವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ ಆದ ಮೇಲೆ ಗಾಜಿನ ಮೇಲಿನ ಚೀಟಿ ಪೀಂ ಅನ್ನುತ್ತದೆ, ಗೇಟು ಏಳುತ್ತದೆ, ನಾವು ಹಾಡು ಬದಲಾಯಿಸುತ್ತೇವೆ.

ಅಷ್ಟರಲ್ಲಿ ಮೈಸೂರಿನ ಚಿಕ್ಕಮ್ಮ ತಮ್ಮ ಕಾರು ಮನೆ ಮುಂದೆ ನಿಂತಿದ್ದಾಗಲೇ ಯಾವುದೋ ಟೋಲ್‌ನಲ್ಲಿ ದುಡ್ಡು ಕಟ್ ಆದ ಕಥೆ ಹೇಳಿದರು. ಹನ್ನೊಂದು ಮೆಸೇಜ್ ಆ ದಾರಿಯಲ್ಲಿ ಹೋದವು. ಅದರ ನಡುವೆ ಯಾರೋ ಪುಣ್ಯಾತ್ಮರು ಹಳೇ ಫಾರ್ವರ್ಡ್ ಒಂದನ್ನು ಮತ್ತೆ ಎಬ್ಬಿಸಿದರು: ‘12 ಗಂಟೆ ಒಳಗೆ ವಾಪಸ್ ಬಂದ್ರೆ ಟೋಲ್ ಕಟ್ಟಬೇಕಾಗಿಲ್ಲ, ರಸೀದಿ ತೋರಿಸಿ, ಎಲ್ಲರಿಗೂ ತಿಳಿಸಿ.’

ಚಿಕ್ಕಪ್ಪ ಕಾದಿದ್ದರೇನೋ. ‘ಸುಳ್ಳು. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆ ಒಳಗೆ ವಾಪಸ್ ಬಂದ್ರೆ ಎರಡು ಪಟ್ಟಿನ ಬದಲು ಒಂದೂವರೆ ಪಟ್ಟು. ಫ್ರೀ ಅಲ್ಲ. ಓದದೇ ಹಾಕಬೇಡಿ.’

‘ಓದದೇ ಹಾಕಬೇಡಿ’ ಅನ್ನುವ ಮಾತು ಭಾವನಿಗೆ ನಾಟಿತು. ‘ಚಿಕ್ಕಪ್ಪ, ಜೂನ್‌ನಲ್ಲಿ ಸ್ಕೂಟರ್‌ಗೂ ಹೆದ್ದಾರಿ ಟೋಲ್ ಬರುತ್ತೆ ಅಂತ ಹಾಕಿದ್ದು ಯಾರು? ಗಡ್ಕರಿ ಅದನ್ನ ಸುಳ್ಳು ಅಂದ್ರು. ಅದರ ಮೂಲ ಏನಿತ್ತು?’

‘ಟೀವಿಯಲ್ಲಿ ಬಂದಿತ್ತು.’

‘ಇದೂ ಫೋನಲ್ಲಿ ಬಂದಿತ್ತು.’

ಹುಡುಗರು ಈ ಉತ್ತರಕ್ಕೆ ಒಂಬತ್ತು ನಗು ಕೊಟ್ಟರು. ಚಿಕ್ಕಪ್ಪ ಆ ಒಂಬತ್ತು ಹೆಸರನ್ನೂ ಒತ್ತಿ ನೋಡಿರುತ್ತಾರೆ, ನನಗೆ ಗೊತ್ತು.

ಇಷ್ಟರ ನಡುವೆ ಮೇಲ್ಗಡೆ ‘ದೊಡ್ಡಪ್ಪ ಟೈಪಿಂಗ್’ ಅಂತ ತೋರಿಸುತ್ತಲೇ ಇತ್ತು. ಕಾಫಿ ಕುಡಿದೆ, ಲೋಟ ತೊಳೆದೆ. ಇನ್ನೂ ಟೈಪಿಂಗ್. ಕೊನೆಗೂ ಬಂತು, ಪೂರ್ಣವಿರಾಮ ಒಂದೂ ಇಲ್ಲದ ಒಂದೇ ಪ್ಯಾರಾ. ದೊಡ್ಡಪ್ಪ ಹೆಡ್‌ಮಾಸ್ಟರ್ ಆಗಿದ್ದವರು. ಸಾರಾಂಶ ಇಷ್ಟು: ಸುಂಕ ಅನ್ನೋದು ರಾಜರ ಕಾಲದಿಂದ ಇದೆ, ಮಾಗಡಿ ರಸ್ತೆಯ ಸುಂಕದಕಟ್ಟೆಗೆ ಆ ಹೆಸರು ಸುಮ್ನೆ ಬಂದಿಲ್ಲ, ತಾವು ಚಿಕ್ಕವರಿದ್ದಾಗ ಊರೊಳಗೆ ಸರಕು ತರುವ ಗಾಡಿಗೂ ಆಕ್ಟ್ರಾಯ್ ಕಟ್ಟಬೇಕಿತ್ತು, 1979ರಲ್ಲಿ ಅದು ಹೋಯಿತು, ರಸ್ತೆ ಬೇಕು ದುಡ್ಡು ಬೇಡ ಅಂದರೆ ಹೇಗೆ, ಈಗಿನವರು ಒಂದು ಕಾಫಿಗೆ ಮುನ್ನೂರು ಕೊಡುತ್ತಾರೆ. ಕೊನೆಯಲ್ಲಿ ಮುಗಿದ ಕೈಗಳು ಮೂರು.

‘ಯಾವ ಕಾಫಿ ದೊಡ್ಡಪ್ಪ, ನಾನು ದರ್ಶಿನಿಯಲ್ಲೇ ಕುಡಿಯೋದು’ ಅಂತ ಭಾವ. ಅದಕ್ಕೆ ಉತ್ತರ ಇಲ್ಲ. ಉಪದೇಶ ಮುಗಿದ ಮೇಲೆ ದೊಡ್ಡಪ್ಪ ಫೋನ್ ಚಾರ್ಜಿಗೆ ಇಟ್ಟು ವಾಕಿಂಗ್ ಹೋಗುತ್ತಾರೆ.

ಆದರೆ ಸುಂಕದಕಟ್ಟೆ ಅನ್ನುವ ಹೆಸರು ಸಾಕಾಯಿತು ಗುಂಡನಿಗೆ. ಗುಂಡ ದೊಡ್ಡಪ್ಪನ ಮಗ, ಐವತ್ತೆರಡು ವರ್ಷ. ‘ಹೊಸೂರು ರಸ್ತೆ ಆಗ ಹೆಂಗಿತ್ತು ಗೊತ್ತಾ? ಅಜ್ಜನ ಲೂನಾ ಹಿಂದೆ ಕೂತು ಕೂಡ್ಲು ಗೇಟ್‌ವರೆಗೂ ಹೋಗ್ತಿದ್ದೆ. ಏರು ಬಂದ್ರೆ ಪೆಡಲ್ ಹೊಡೀಬೇಕಿತ್ತು. ನಾನು ಇಳಿದು ತಳ್ತಿದ್ದೆ. ಅಜ್ಜನ ಅಂಗಿ ಹಿಂದಗಡೆ ಬೆವರಿಗೆ ಉಪ್ಪಿನ ಗೆರೆ ಬಂದಿರ್ತಿತ್ತು, ಭೂಪಟದ ತರ.’ ಅಜ್ಜನ ಫೋಟೋ ಇದ್ದರೆ ಹಾಕಿ ಅಂದರು. ಮೂರು ಫೋಟೋ ಬಂದವು. ಒಂದರಲ್ಲಿ ಇರುವುದು ಅಜ್ಜ ಅಲ್ಲ, ಅಜ್ಜನ ತಮ್ಮ ಅಂತ ಬೇರೆ ವಾದ. ಅಮೆರಿಕದ ಸೇತುವೆ ಎಲ್ಲೋ ಮೇಲೆ ಹೋಗಿಬಿಟ್ಟಿತ್ತು.

ಒಂಬತ್ತು ಗಂಟೆಗೆ ಅತ್ತೆಯ ಮಗ ಬಂದ. ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಫ್ರಿಮಾಂಟ್‌ನಲ್ಲಿ, ಕೆಲಸ ಕೊಲ್ಲಿಯ ಆ ಕಡೆ. ಅಲ್ಲಿ ಶುಕ್ರವಾರ ರಾತ್ರಿ. ದಿನಾ ಸೇತುವೆ ದಾಟುವವನು ನಮ್ಮ ಗುಂಪಿನಲ್ಲೇ ಇದ್ದಾನೆ ಅಂತ ಅಲ್ಲಿಯವರೆಗೆ ಒಬ್ಬರಿಗೂ ನೆನಪಾಗಿರಲಿಲ್ಲ.

‘ನಾನು ದಾಟೋದು ಡಂಬಾರ್ಟನ್ ಸೇತುವೆ. 8 ಡಾಲರ್ ನಿಜ. ಆದ್ರೆ ಒಂದೇ ದಿಕ್ಕಿಗೆ. ಹೋಗುವಾಗ ಕೊಡ್ತೀನಿ, ಮನೆಗೆ ಬರುವಾಗ ಏನೂ ಇಲ್ಲ. ಇಲ್ಲಿ ರಾಜ್ಯದ ಏಳು ಸೇತುವೆಗಳೂ ಹಾಗೇ. 16 ಅನ್ನೋದು ತಪ್ಪು. ಗೋಲ್ಡನ್ ಗೇಟ್ ಬೇರೆಯವರದ್ದು, ಟ್ಯಾಗ್ ಇದ್ರೆ 9.75, ಅದೂ ಸ್ಯಾನ್ ಫ್ರಾನ್ಸಿಸ್ಕೋ ಒಳಗೆ ಬರುವಾಗ ಮಾತ್ರ. ಟೋಲ್ ಬೇಡ ಅಂದ್ರೆ ಮಿಲ್ಪಿಟಸ್ ಕಡೆಯಿಂದ ಕೊಲ್ಲಿ ಸುತ್ತಿಕೊಂಡು ಹೋಗಬಹುದು, ಟ್ರಾಫಿಕ್‌ನಲ್ಲಿ ಸಾಯ್ತೀವಿ ಅಷ್ಟೆ. ಜನವರಿ 1ರಿಂದ ಇನ್ನೂ ಐವತ್ತು ಸೆಂಟ್ ಏರುತ್ತೆ.’

ಇಡೀ ಬೆಳಗ್ಗೆಯಲ್ಲಿ ಬಂದ ಅತಿ ಉಪಯೋಗದ ಮೆಸೇಜ್ ಇದು. ಫಾರ್ವರ್ಡ್‌ನ ಲೆಕ್ಕ ಅರ್ಧಕ್ಕರ್ಧ ಸುಳ್ಳು ಅಂತ ಕೈಯಾರೆ ಟೋಲ್ ಕೊಡುವವನೇ ಹೇಳಿದ. ಬಂದ ಉತ್ತರ ಏನು ಗೊತ್ತಾ? ‘ಊಟ ಆಯ್ತಾ ಪುಟ್ಟಾ?’ ಅಂತ ಮೈಸೂರಿನ ಚಿಕ್ಕಮ್ಮ.

ಅವನು ಬಿಡಲಿಲ್ಲ. 2018ರಲ್ಲಿ ಅಲ್ಲಿನ ಒಂಬತ್ತು ಕೌಂಟಿಯ ಜನ ವೋಟ್ ಹಾಕಿ ಟೋಲ್ ಏರಿಸಲು ಒಪ್ಪಿದರಂತೆ. 2019, 2022, 2025, ಒಂದೊಂದು ಸಲಕ್ಕೆ ಒಂದೊಂದು ಡಾಲರ್. ಆ ದುಡ್ಡಲ್ಲಿ ರೈಲು, ಬಸ್ಸು, ದೋಣಿಗೂ ಪಾಲು. ವಾಕಿಂಗ್ ಮುಗಿಸಿ ಬಂದ ದೊಡ್ಡಪ್ಪ ‘ನೋಡಿ ಶಿಸ್ತು ಅಂದ್ರೆ ಇದು’ ಅಂದರು. ಚಿಕ್ಕಪ್ಪ ‘ಇಲ್ಲಿ ನಮ್ಮನ್ನ ಯಾರು ವೋಟ್ ಕೇಳಿದ್ರು?’ ಅಂದರು. ಇಬ್ಬರೂ ಒಂದೇ ಮೆಸೇಜ್ ಓದಿ ತಮಗೆ ಬೇಕಾದ್ದನ್ನು ಎತ್ತಿಕೊಂಡರು.

ಕಾನೂನು ಓದುವ ನಮ್ಮ ಹುಡುಗಿ ದೆಹಲಿ–ನೋಯ್ಡಾದ ಡಿಎನ್‌ಡಿ ಸೇತುವೆ ವಿಷಯ ಹಾಕಿದಳು. 2001ರಲ್ಲಿ ಶುರುವಾದ ಟೋಲ್. ಬಾಕಿ ವಸೂಲಿ ಎಂದೂ ಮುಗಿಯದ ಹಾಗೆ ಒಪ್ಪಂದದ ಲೆಕ್ಕವೇ ಇತ್ತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೆದ್ದಾರಿ ಟೋಲ್ ಹಾಕುವಾಗ ಸೇತುವೆಯ ಒಂದು ಕಿಲೋಮೀಟರ್ ಅಂದರೆ ಹತ್ತು ಕಿಲೋಮೀಟರ್ ಅಂತ ಎಣಿಸುವ ಪದ್ಧತಿ ಇತ್ತು, ಜುಲೈನಲ್ಲಿ ಅದನ್ನು ಸಡಿಲಿಸಿದ್ದಾರೆ ಅಂತಲೂ ಬರೆದಳು. ಇವಳಿಗೆ ಸಿಕ್ಕಿದ್ದು ಎರಡು ಹೆಬ್ಬೆರಳು. ಒಂದು ನನ್ನದು.

ಅಷ್ಟೊತ್ತಿಗೆ ಭಾವ ₹3000ದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಗುಣಗಾನ ಶುರು ಮಾಡಿದ್ದರು. ಆಗಸ್ಟ್ 15ರಿಂದ ಬಂದಿದೆ, ವರ್ಷ ಅಥವಾ 200 ಟ್ರಿಪ್, ಟ್ರಿಪ್ಪಿಗೆ ಹದಿನೈದೇ ರೂಪಾಯಿ ಬೀಳುತ್ತೆ ಅಂತ. ‘ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ನೈಸ್ ರಸ್ತೆಯಲ್ಲಿ ನಡೆಯಲ್ಲ’ ಅಂತ ಚಿಕ್ಕಪ್ಪ.

ಆಗ ಅತ್ತೆಯ ವಾಯ್ಸ್ ನೋಟ್ ಬಂತು. ಒಂದೂವರೆ ನಿಮಿಷ. ಹಿಂದೆ ಕುಕ್ಕರ್ ಕೂಗುತ್ತಿದೆ. ಮೊದಲ ಸೀಟಿಗೆ ಮುಂಚೆ ಮಾತು ಬಹಳ ನಯವಾಗಿತ್ತು. ‘ಟೋಲ್ ವಿಷಯ ಮಾತಾಡ್ತಿದೀರಲ್ಲ, ಒಳ್ಳೇದು. 2022ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ನಮ್ಮನೆ ಗೃಹಪ್ರವೇಶಕ್ಕೆ ಅಂತ ಹೊರಟು ಸಿಲ್ಕ್ ಬೋರ್ಡ್‌ವರೆಗೂ ಬಂದು, ಟ್ಯಾಗ್‌ನಲ್ಲಿ ದುಡ್ಡಿಲ್ಲ, ಡಬಲ್ ಕೊಡಬೇಕಾಗುತ್ತೆ ಅಂತ ವಾಪಸ್ ಹೋದವರೂ ಈ ಗುಂಪಲ್ಲೇ ಇದಾರೆ.’ ಸೀಟಿ. ‘ಹೋಳಿಗೆ ಹನ್ನೆರಡು ಎತ್ತಿಟ್ಟಿದ್ದೆ. ಮೂರು ದಿನ ಫ್ರಿಜ್ಜಲ್ಲಿತ್ತು.’

ಗುಂಪು ಗಪ್‌ಚುಪ್. 34 ಜನ ಉಸಿರು ಹಿಡಿದರು. ಡಾಲರ್, ಡಂಬಾರ್ಟನ್, ಸುಪ್ರೀಂ ಕೋರ್ಟ್ ಎಲ್ಲಾ ಬರೀ ಪೀಠಿಕೆ ಅಂತ ಆಗ ಗೊತ್ತಾಯಿತು.

ಚಿಕ್ಕಪ್ಪ ಬರೆದರು. ‘ಮೇಲೆ ಹೋದ್ರೆ ಡಬಲ್. ಕೆಳಗೆ ಹೋದ್ರೆ ಬೊಮ್ಮನಹಳ್ಳಿ ಸಿಗ್ನಲ್. ಅವತ್ತು ಬಿಪಿ ಬೇರೆ ಇತ್ತು. ಎಷ್ಟು ಸಲ ಹೇಳಿದ್ದೀನಿ.’

‘ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಯ್ತು’ ಅಂತ ಗುಂಡ. ಯಾರು ಸುಂಕದವನು, ಯಾರ ದುಃಖ ಅಂತ ಸ್ಪಷ್ಟ ಮಾಡಲಿಲ್ಲ. ಹಾಗಾಗಿ ಇಬ್ಬರಿಗೂ ಸಿಟ್ಟು ಬಂತು.

ಅಕ್ಕ ಸಮಾಧಾನಕ್ಕೆ ಅಂತ ಬಾಯಿ ಹಾಕಿದಳು. ‘ಈಗ ಹಳದಿ ಮೆಟ್ರೋ ಬಂದಿದೆಯಲ್ಲ ಚಿಕ್ಕಪ್ಪ. ರಾಜಾಜಿನಗರದಲ್ಲಿ ಹತ್ತಿ, ಆರ್.ವಿ. ರೋಡ್‌ನಲ್ಲಿ ಬದಲಾಯಿಸಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದ್ರೆ ಆಯ್ತು. ಟೋಲೂ ಇಲ್ಲ, ಸಿಗ್ನಲ್ಲೂ ಇಲ್ಲ.’

ಒಳ್ಳೆ ಮನಸ್ಸಿಂದ ಹೇಳಿದ್ದು. ಆದರೆ ಮೂರು ವರ್ಷ ಕಾಪಾಡಿಕೊಂಡು ಬಂದ ನೆಪವನ್ನು ಎಲ್ಲರ ಮುಂದೆ ಕಿತ್ತುಕೊಂಡಳು. ಚಿಕ್ಕಪ್ಪ ‘ಮಂಡಿ ನೋವು’ ಅಂದರು. ‘ಲಿಫ್ಟ್ ಇದೆ’ ಅಂದರು ಭಾವ. ಅವರು ಬೆಳಗಿನ ಲೆಕ್ಕ ಚುಕ್ತಾ ಮಾಡಿದರು ಅಂತ ನನಗನ್ನಿಸಿತು. ಸ್ವತಃ ತಾವೇಕೆ ಮೆಟ್ರೋದಲ್ಲಿ ಹೋಗುವುದಿಲ್ಲ ಅಂತ ಯಾರೂ ಕೇಳಲಿಲ್ಲ.

ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ನಾನು ‘ಎಲ್ಲರಿಗೂ ಶುಭ ಶನಿವಾರ’ ಅಂತ ಟೈಪ್ ಮಾಡಿ ಅಳಿಸಿದೆ.

ಹನ್ನೊಂದು ಗಂಟೆಗೆ ಅತ್ತೆ ಒಂದು ಸ್ಕ್ರೀನ್‌ಶಾಟ್ ಹಾಕಿದರು. ಚಿಕ್ಕಪ್ಪನ ಯುಪಿಐಗೆ ₹200 ಕಳಿಸಿದ್ದರು. ಕೆಳಗೆ ಬರೆದಿದ್ದರು: ‘ಸಂಕ್ರಾಂತಿಗೆ ಬನ್ನಿ. ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡೋಣ. ಡಬಲ್ ಲೆಕ್ಕದಲ್ಲೇ ಕಳಿಸಿದೀನಿ.’

ಚಿಕ್ಕಪ್ಪ ಟೈಪಿಂಗ್. ನಿಂತಿತು. ಮತ್ತೆ ಟೈಪಿಂಗ್.

‘ಈಗ ಡಬಲ್ ಅಲ್ಲ. ಟ್ಯಾಗ್ ಕೆಲಸ ಮಾಡದಿದ್ರೆ ಯುಪಿಐನಲ್ಲಿ ಕೊಟ್ಟವರಿಗೆ ಒಂದೂಕಾಲು ಪಟ್ಟು. ನವೆಂಬರ್ 15ರಿಂದ.’

ಅತ್ತೆ ಒಂದೇ ಪದ ಬರೆದರು.

‘ಮೂಲ?’