ಬ್ಯಾಟರಿಯ ‘ಚಾರ್ಜ್’, ರೇಡಿಯೇಟರಿನ ‘ಫ್ಯಾನ್’: ಬೈಕಿನ ಕೈಪಿಡಿಗೆ ತುರ್ತಾಗಿ ಪದಗಳು ಬೇಕು

ಪ್ರಶ್ನೆ, ಮೈಸೂರಿನಿಂದ

ಮಾನ್ಯರೆ,

ನಮ್ಮ ಬಡಾವಣೆಯ ಗ್ಯಾರೇಜಿನವರು ಬೈಕುಗಳಿಗೆ ಜೋಡಿಸುವ ಪುಟ್ಟ ಸಾಧನವೊಂದನ್ನು ತಯಾರಿಸಿದ್ದಾರೆ. ಅದು ಬ್ಯಾಟರಿಯ ವೋಲ್ಟೇಜನ್ನು ಸದಾ ಅಳೆದು ಹ್ಯಾಂಡಲಿನ ಬಳಿ ತೋರಿಸುತ್ತದೆ. ಜೊತೆಗೆ, ಇಂಜಿನ್ನನ್ನು ತಣಿಸುವ ದ್ರವದ, ಅಂದರೆ ಕೂಲೆಂಟಿನ, ಬಿಸಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ರೇಡಿಯೇಟರಿನ ಫ್ಯಾನನ್ನು ಚಾಲೂ ಮಾಡಿ, 94ಕ್ಕೆ ಇಳಿದ ಮೇಲೆ ನಿಲ್ಲಿಸುತ್ತದೆ. ಅದರ ಕೈಪಿಡಿಯನ್ನೂ ಮೇಲೆ ಅಂಟಿಸುವ ಚೀಟಿಯನ್ನೂ ಕನ್ನಡದಲ್ಲಿ ಬರೆದುಕೊಡುವ ಹೊಣೆಯನ್ನು ನಾನು ಹೊತ್ತಿದ್ದೇನೆ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು.

ನಾನು ‘ವಿದ್ಯುತ್ಕೋಶ ಪುನರಾವೇಶ ಮೇಲ್ವಿಚಾರಣೆ’ ಎಂದೂ ‘ವಿಕಿರಕ ಪಂಕ ನಿಯಂತ್ರಕ’ ಎಂದೂ ಬರೆದಿದ್ದೆ. ಮೆಕ್ಯಾನಿಕ್ ಎರಡು ಸಲ ಓದಿ, ಅರ್ಥವಾಗಲಿಲ್ಲವೆಂದು ಹಾಳೆಯನ್ನು ಹಿಂದಿರುಗಿಸಿದರು. ಫ್ಯಾನ್ ಹತ್ತುವ ಬಿಸಿಗೂ ನಿಲ್ಲುವ ಬಿಸಿಗೂ ನಡುವೆ ಬೇಕೆಂದೇ ಇಟ್ಟಿರುವ ಆ ಆರು ಡಿಗ್ರಿಗಳ ಅಂತರಕ್ಕೆ ನನಗೆ ಪದವೇ ಹೊಳೆಯಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಮೈಸೂರಿನಿಂದ ಇನ್ನೊಬ್ಬರು

‘ಚಾರ್ಜ್’ ಕನ್ನಡವಲ್ಲ. ‘ಮರುಪೂರಣ’ ಎಂಬ ಪದ ಚಾಲ್ತಿಯಲ್ಲಿದೆ, ಫ್ಯಾನಿಗೆ ‘ಬೀಸಣಿಗೆ’ ಇದೆ. ‘ಬ್ಯಾಟರಿ ಮರುಪೂರಣ ನಿಗಾ’, ‘ಬೀಸಣಿಗೆ ನಿಯಂತ್ರಕ’ ಎಂದು ಬರೆಯಿರಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ಇಂಗ್ಲಿಷನ್ನೇ ನಮ್ಮ ಲಿಪಿಯಲ್ಲಿ ಬರೆಯುವುದಾದರೆ ಕನ್ನಡ ಕೈಪಿಡಿ ಬೇಕಾಗಿಯೇ ಇಲ್ಲ.

ಉತ್ತರ, ಮಂಡ್ಯದಿಂದ

ಚರ್ಚಿಸುವಂಥದ್ದು ಏನೂ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪದವನ್ನು ಸೂಚಿಸುವ ಮೊದಲು ಆ ಸಾಧನ ಯಾವ ಕೆಡುಕನ್ನು ಹಿಡಿದು ತೋರಿಸಬೇಕೆಂಬುದನ್ನು ಯೋಚಿಸಬೇಕಾಗಿತ್ತು.

ಹೋದ ತಿಂಗಳು ನನ್ನ ಬೈಕು ಬೆಳಿಗ್ಗೆ ಸ್ಟಾರ್ಟ್ ಆಗದೆ, ತಳ್ಳಿ ಹೊರಡಿಸಿಕೊಂಡು ಇಲ್ಲಿಯ ನೂರಡಿ ರಸ್ತೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಸೀಟು ಬಿಚ್ಚಿ ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಒತ್ತಿ ಹಿಡಿದರು. ಇಂಜಿನ್ ಓಡುತ್ತಿದ್ದರೂ 12.3 ವೋಲ್ಟ್ ಮಾತ್ರ ತೋರಿಸಿತು. ಆಕ್ಸಿಲರೇಟರ್ ತಿರುವಿದರೂ ಅಂಕಿ ಕದಲಲಿಲ್ಲ. ಅವರು ‘ಚಾರ್ಜ್ ಇಲ್ಲ’ ಎನ್ನಲಿಲ್ಲ, ‘ಚಾರ್ಜ್ ಆಗ್ತಿಲ್ಲ’ ಎಂದರು. ಹಾಗೆಂದವರು ಬ್ಯಾಟರಿಯನ್ನು ಮುಟ್ಟದೆ ನೇರವಾಗಿ, ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿನ ಕಪ್ಲರಿಗೆ, ಅಂದರೆ ವೈರುಗಳನ್ನು ಕೂಡಿಸುವ ಕೊಂಡಿಗೆ, ಕೈಹಾಕಿದರು. ಬಿಳಿಯ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಸುಟ್ಟು ಕಂದಾಗಿ, ಒಳಗಿನ ಪಿನ್ನು ಕರಕಲಾಗಿತ್ತು.

ಮೆಕ್ಯಾನಿಕ್‌ಗಳ ಬಾಯಲ್ಲಿ ಮೂರು ಮಾತುಗಳಿವೆ. ‘ಚಾರ್ಜ್ ಇಲ್ಲ’ ಎಂದರೆ ಬ್ಯಾಟರಿ ಬರಿದಾಗಿದೆ. ‘ಚಾರ್ಜ್ ಆಗುತ್ತಿಲ್ಲ’ ಎಂದರೆ ಇಂಜಿನ್ನಿನಲ್ಲಿ ವಿದ್ಯುತ್ ಹುಟ್ಟಿಸುವ ಸ್ಟೇಟರ್, ರೆಗ್ಯುಲೇಟರ್ ಅಥವಾ ವೈರಿನಲ್ಲಿ ದೋಷವಿದೆ. ‘ಚಾರ್ಜ್ ನಿಲ್ಲುತ್ತಿಲ್ಲ’ ಎಂದರೆ ಬ್ಯಾಟರಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ, ಹೊಸದನ್ನು ತರಬೇಕು. ನಾಮಪದ ಒಂದೇ; ಕಾಯಿಲೆಯನ್ನು ಬೇರ್ಪಡಿಸಿ ಹೇಳುವುದು ನಮ್ಮ ಕ್ರಿಯಾಪದಗಳು. ಈಗ ಅದೇ ಜಾಗದಲ್ಲಿ ‘ಮರುಪೂರಣ’ವನ್ನು ಇಟ್ಟು ನೋಡಿ. ‘ಮರುಪೂರಣ ನಿಲ್ಲುತ್ತಿಲ್ಲ’ ಎಂದರೆ ತುಂಬುವುದು ಮುಗಿಯುತ್ತಲೇ ಇಲ್ಲ, ಅಂದರೆ ಬ್ಯಾಟರಿಗೆ ಅತಿಯಾಗಿ ಏರುತ್ತಿದೆ ಎಂಬ ತದ್ವಿರುದ್ಧ ಅರ್ಥ ಬರುತ್ತದೆ. ಅಂತರ್ಜಲಕ್ಕೆ ಆ ಪದ ಒಪ್ಪುತ್ತದೆ, ಏಕೆಂದರೆ ಅಲ್ಲಿ ಅದು ಕ್ರಿಯೆಯನ್ನಷ್ಟೇ ಹೇಳಬೇಕು. ಬ್ಯಾಟರಿಯಲ್ಲಿ ಕ್ರಿಯೆಗೂ ಒಳಗೆ ಉಳಿದಿರುವುದಕ್ಕೂ ಒಂದೇ ಪದ ಸಾಕಾಗಬೇಕು. ‘ಆವೇಶ’ವಂತೂ ಮೂಲದಲ್ಲೇ ತಪ್ಪು. ಭೌತಶಾಸ್ತ್ರದ ಆವೇಶ ಬ್ಯಾಟರಿಯೊಳಗೆ ಶೇಖರವಾಗುವುದಿಲ್ಲ. ಒಂದು ತುದಿಯಿಂದ ಹೊರಟಷ್ಟೇ ಇನ್ನೊಂದು ತುದಿಗೆ ಮರಳುತ್ತದೆ. ಶೇಖರವಾಗುವುದು ಸೀಸ ಮತ್ತು ಆಮ್ಲಗಳ ನಡುವಿನ ರಾಸಾಯನಿಕ ಶಕ್ತಿ.

ಹಾಗಾದರೆ ಕನ್ನಡಕ್ಕೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ, ನಮ್ಮ ಜಿಲ್ಲೆಯ ನೀರಿನ ಮಾತುಗಳನ್ನು ನೋಡಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿಯ ರೈತರಿಗೆಲ್ಲ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದೊಡನೆ ಅವರು ಹುಡುಕುವುದು ಮಟ್ಟ, ಒಳಹರಿವು, ಹೊರಹರಿವುಗಳನ್ನು. ವೋಲ್ಟೇಜನ್ನು ಮಟ್ಟದಂತೆಯೂ ಆಂಪಿಯರನ್ನು ಹರಿವಿನಂತೆಯೂ ಕೈಪಿಡಿಯಲ್ಲಿ ವಿವರಿಸಿದರೆ ಅರ್ಥವಾಗದವರು ಈ ಸೀಮೆಯಲ್ಲಿ ಇಲ್ಲ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ತುಂಬಿದಾಗ, ಗಾಡಿ ನಿಂತಿದ್ದರೆ, ಸುಮಾರು 12.6ರಿಂದ 12.8 ತೋರಿಸುತ್ತದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇದ್ದರೆ ಒಳಹರಿವು ಸರಿಯಿದೆ ಎಂದರ್ಥ. 15ನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬೇಕು. ಅನೇಕ ಬೈಕುಗಳ ರೆಗ್ಯುಲೇಟರ್ ಹೆಚ್ಚಾದ ವಿದ್ಯುತ್ತನ್ನು ಬೇರೆ ದಾರಿಗೆ ತಿರುಗಿಸಿ ಬಿಸಿಯಾಗಿ ಕಳೆಯುತ್ತದೆ. ಕೆರೆ ತುಂಬಿದಾಗ ಹೆಚ್ಚಿನ ನೀರನ್ನು ಹೊರಬಿಡುವ ಕೋಡಿಯ ಕೆಲಸವೇ ಅದು. ರೆಗ್ಯುಲೇಟರನ್ನು ವಿವರಿಸುವ ಕಡೆ ‘ಕೋಡಿಯಂತೆ’ ಎಂಬ ಒಂದು ಮಾತನ್ನು ಸೇರಿಸಬೇಕೆಂದು ನನ್ನ ಒತ್ತಾಯ.

ಫ್ಯಾನಿನ ವಿಷಯ. ‘ಪಂಕ’ವನ್ನು ಈಗಲೇ ಹೊಡೆದುಹಾಕಿ. ಕನ್ನಡದಲ್ಲಿ ಪಂಕವೆಂದರೆ ಕೆಸರು, ಪಂಕಜ ಹುಟ್ಟುವುದು ಅದರಲ್ಲಿ. ಕಬ್ಬಿನ ಗದ್ದೆಯ ದಾರಿಯಲ್ಲಿ ಓಡಾಡುವ ಗಾಡಿಯ ರೇಡಿಯೇಟರಿಗೆ ನಿಜವಾಗಿಯೂ ಕೆಸರು ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ‘ರೇಡಿಯೇಟರ್ ಪಂಕ’ ಎಂದು ಬರೆದರೆ ಓದುಗ ಅದನ್ನೇ ತಿಳಿಯುವ ಅಪಾಯವಿದೆ. ‘ಬೀಸಣಿಗೆ’ ಕೈಯಲ್ಲಿ ಹಿಡಿಯುವುದಕ್ಕೆ ಮಾತ್ರ ಸಲ್ಲುತ್ತದೆ ಎಂಬ ಆಕ್ಷೇಪ ಬರಬಹುದು, ಆದರೆ ಅದರಲ್ಲಿ ಹುರುಳಿಲ್ಲ. ‘ಬೀಸು’ ಧಾತುವಿಗೆ ಅತ್ತಿಂದಿತ್ತ ಆಡಿಸುವ ಅರ್ಥ ಇರುವಂತೆ ಸುತ್ತ ತಿರುಗಿಸುವ ಅರ್ಥವೂ ಇದೆ, ಬೀಸುವ ಕಲ್ಲೇ ಸಾಕ್ಷಿ. ‘ಅಣಿಗೆ’ ಪ್ರತ್ಯಯ ಬರವಣಿಗೆ, ಬೆಳವಣಿಗೆಗಳಲ್ಲಿ ಇದ್ದಂತೆಯೇ ಇದೆ. ಪದ ಶುದ್ಧವಾಗಿಯೇ ಇದೆ. ಆದರೂ ಚೀಟಿಯ ಮೇಲೆ ‘ಫ್ಯಾನ್’ ಎಂದೇ ಇರಲಿ, ಏಕೆಂದರೆ ಅಂಗಡಿಯಲ್ಲಿ ಗಾಡಿಯವನು ಕೇಳಬೇಕಾದದ್ದು ಫ್ಯಾನಿನ ಫ್ಯೂಸನ್ನು.

‘ವಿಕಿರಕ’ ಬೇಡ. ರೇಡಿಯೇಟರಿನ ಬಿಸಿ ಬಹುಪಾಲು ವಿಕಿರಣದಿಂದ ಹೋಗುವುದಿಲ್ಲ, ಹಾದುಹೋಗುವ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಇಂಗ್ಲಿಷ್ ಹೆಸರಿನಲ್ಲಿದ್ದ ತಪ್ಪನ್ನು ಸಂಸ್ಕೃತಕ್ಕೆ ದಾಟಿಸಿದರೆ ಅದು ಸರಿಯಾಗುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ ರೇಡಿಯೇಟರೇ ಇರಲಿಲ್ಲ, ಇಂಜಿನ್ನಿನ ಮೈಮೇಲಿನ ತೆಳು ಲೋಹದ ಪಟ್ಟಿಗಳಾದ ಫಿನ್ನುಗಳಿಗೆ ತಾಗುವ ಗಾಳಿಯಿಂದಲೇ ಅವು ತಣಿಯುತ್ತಿದ್ದವು. ಆದರೆ ಲಾರಿ, ಟ್ರ್ಯಾಕ್ಟರುಗಳಿಂದಾಗಿ ‘ರೇಡಿಯೇಟರ್’ ನಮ್ಮ ಹಳ್ಳಿಗಳಲ್ಲೂ ಎಲ್ಲರ ಬಾಯಲ್ಲಿದೆ.

ಆರು ಡಿಗ್ರಿಯ ಅಂತರಕ್ಕೆ ನಾಮಪದ ಬೇಕಿಲ್ಲ. ‘ಫ್ಯಾನ್ 100 ಡಿಗ್ರಿಗೆ ತಿರುಗತೊಡಗುತ್ತದೆ, 94ಕ್ಕೆ ಇಳಿದ ಮೇಲಷ್ಟೇ ನಿಲ್ಲುತ್ತದೆ’ ಎಂದು ಬರೆಯಿರಿ. ಆ ‘ಅಷ್ಟೇ’ ನೀವು ಹುಡುಕುತ್ತಿರುವ ಪದದ ಕೆಲಸವನ್ನು ಮಾಡುತ್ತದೆ. ಅಂತರವಿಲ್ಲದಿದ್ದರೆ ಫ್ಯಾನನ್ನು ಹತ್ತಿಸಿ ಆರಿಸುವ ಸ್ವಿಚ್ಚಾದ ರಿಲೇ ಘಳಿಗೆಗೊಮ್ಮೆ ಹತ್ತಿ ಆರಿ ಬೇಗ ಸವೆಯುತ್ತದೆ ಎಂಬ ಕಾರಣವನ್ನೂ ಒಂದು ಸಾಲಿನಲ್ಲಿ ಹೇಳಿ.

ಕೊನೆಯದಾಗಿ, ‘ಚಾರ್ಜ್ ಕನ್ನಡವಲ್ಲ’ ಎಂದವರು ಅದೇ ಉಸಿರಿನಲ್ಲಿ ‘ನಿಗಾ’ ಎಂದಿದ್ದಾರೆ. ಅದು ಪಾರಸಿಯ ‘ನಿಗಾಹ್’. ನಾನೂ ಅದನ್ನೇ ಆರಿಸುತ್ತೇನೆ. ‘ಕಣ್ಗಾವಲು’ ಅಚ್ಚಗನ್ನಡವೇ ಆದರೂ ಅದರಲ್ಲಿ ಕಳ್ಳನನ್ನು ಕಾಯುವ ಭಾವವಿದೆ, ‘ನಿಗಾ’ದಲ್ಲಿ ಆರೈಕೆಯಿದೆ. ಪಾರಸಿಗೆ ಬಾಗಿಲು ತೆರೆದು ಇಂಗ್ಲಿಷಿಗೆ ಮುಚ್ಚುವ ನಿಯಮ ಯಾವುದೆಂದು ಅವರು ತಿಳಿಸಲಿ.

ಮರುಉತ್ತರ, ಮೈಸೂರಿನಿಂದ ಇನ್ನೊಬ್ಬರು

‘ನಿಗಾ’ ನಮ್ಮಲ್ಲಿ ಬೆರೆತು ತಲೆಮಾರುಗಳೇ ಕಳೆದಿವೆ, ಅದಕ್ಕೂ ಇದಕ್ಕೂ ಹೋಲಿಕೆ ಸಲ್ಲದು. ‘ನಿಲ್ಲುತ್ತಿಲ್ಲ’ ಎಂಬ ಉದಾಹರಣೆಯನ್ನು ಒಪ್ಪುತ್ತೇನೆ, ಅದು ನನಗೆ ಹೊಳೆದಿರಲಿಲ್ಲ. ಆದರೆ ಗ್ಯಾರೇಜಿನ ಮಾತೇ ಬರಹದ ಅಳತೆಗೋಲಾದರೆ ಹೊಸ ಪದಗಳು ಹುಟ್ಟುವುದಾದರೂ ಎಲ್ಲಿ? ‘ಬೀಸಣಿಗೆ’ಯನ್ನು ಶುದ್ಧವೆಂದು ಹೊಗಳಿ ಚೀಟಿಯಿಂದ ಹೊರಗಿಟ್ಟದ್ದು ನನಗೆ ಸಮ್ಮತವಿಲ್ಲ.

ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಚೀಟಿಯ ಮೇಲೆ ‘ಬ್ಯಾಟರಿ ಚಾರ್ಜ್ ನಿಗಾ’, ‘ರೇಡಿಯೇಟರ್ ಫ್ಯಾನ್ ನಿಯಂತ್ರಣ’ ಎಂದು ಬರೆದಿದ್ದೇನೆ. ಪರದೆಯಲ್ಲಿ ಮೂಡುವ ಎಚ್ಚರಿಕೆಗಳು ‘ಚಾರ್ಜ್ ಇಲ್ಲ’, ‘ಚಾರ್ಜ್ ಆಗುತ್ತಿಲ್ಲ’, ‘ಚಾರ್ಜ್ ಅತಿಯಾಗಿದೆ’ ಎಂದು ಇರುತ್ತವೆ. ‘ನಿಲ್ಲುತ್ತಿಲ್ಲ’ ಎಂಬುದನ್ನು ಸಾಧನ ತಾನಾಗಿ ಗುರುತಿಸಲಾರದು. ಅದನ್ನು ರಾತ್ರಿ ಗಾಡಿ ನಿಲ್ಲಿಸುವಾಗಿನ ಅಂಕಿಯನ್ನೂ ಬೆಳಗಿನ ಅಂಕಿಯನ್ನೂ ಹೋಲಿಸಿ ತಿಳಿಯಬೇಕೆಂದು ಕೈಪಿಡಿಯೊಳಗೆ ವಿವರಿಸಿದ್ದೇನೆ. ದಸರೆಯ ಜನಜಂಗುಳಿಯಲ್ಲಿ ಬೈಕು ತೆವಳುವಾಗ ರೇಡಿಯೇಟರಿಗೆ ಗಾಳಿ ಬೀಸದೆ ಫ್ಯಾನ್ ಬಿಡದೆ ತಿರುಗುತ್ತದೆ, ಇಂಜಿನ್ ನಿಧಾನವಾಗಿರುವುದರಿಂದ ಚಾರ್ಜಿನ ಒಳಹರಿವೂ ಕಡಿಮೆಯಾಗುತ್ತದೆ, ಆಗ ಅಂಕಿ 13ಕ್ಕಿಂತ ಕೆಳಗಿಳಿದರೆ ಗಾಬರಿಯಾಗಬೇಕಿಲ್ಲ ಎಂಬ ಸೂಚನೆಯಲ್ಲಿ ‘ಒಳಹರಿವು’ ಸಹಜವಾಗಿ ಕೂತಿತು. ರೆಗ್ಯುಲೇಟರಿನ ವಿವರಣೆಯಲ್ಲಿ ಕೋಡಿಯೂ ಬಂದಿದೆ. ‘ಬೀಸಣಿಗೆ’ಯನ್ನು ಒಳಪುಟದಲ್ಲಿ ಒಮ್ಮೆ, ‘ಫ್ಯಾನಿನ ಬೀಸಣಿಗೆ ಎಲೆಗಳಿಗೆ ಬೆರಳು ತಾಗಿಸಬೇಡಿ, ಅದು ತಾನಾಗಿ ತಿರುಗತೊಡಗಬಹುದು’ ಎಂಬ ಕಡೆ ಬಳಸಿದ್ದೇನೆ. ಮೆಕ್ಯಾನಿಕ್ ಈ ಸಲ ಹಾಳೆಯನ್ನು ಓದಿ, ‘ಕಪ್ಲರ್ ಸುಟ್ಟಿದೆಯೇ ನೋಡಿ’ ಎಂಬ ಸಾಲನ್ನು ಕೈಯಾರೆ ಬರೆದು ಸೇರಿಸಿ ಕೊಟ್ಟರು. ಹಾಳೆ ಮುದ್ರಣಾಲಯಕ್ಕೆ ಹೋಯಿತು.