'ದಾವೆ ವಜಾ'ವೋ 'ದಾವೆ ಹಿಂತೆಗೆತ'ವೋ: ರಾಜಿಯ ನಂತರದ ಪತ್ರಕ್ಕೆ ಯಾವ ಪದ?

ಮಾನ್ಯರೇ,
ಸೋಮವಾರಪೇಟೆಯ ಕಡೆಯ ಹಿರಿಯ ತಾಯಿಯೊಬ್ಬರಿಗಾಗಿ ಅಮೆರಿಕದ ಫೆಡರಲ್ ನ್ಯಾಯಾಲಯಕ್ಕೆ ಸಲ್ಲಿಕೆಯಾದ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವರ ಮಗ ವ್ಯಾಪಾರದ ಪಾಲುದಾರನ ಮೇಲೆ ಹೂಡಿದ್ದ ಸಿವಿಲ್ ದಾವೆ ರಾಜಿಯಾಗಿ, ಎರಡೂ ಕಡೆಯ ವಕೀಲರು ಸಹಿ ಹಾಕಿ ಪ್ರಕರಣವನ್ನು ಮುಗಿಸಿದ್ದಾರೆ. ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವಂತಿಲ್ಲವೆಂದೂ ಅವರವರ ಖರ್ಚು ಅವರವರದೆಂದೂ ಅದರಲ್ಲಿದೆ. ಶೀರ್ಷಿಕೆಗೆ 'ಸ್ವಯಂಪ್ರೇರಿತ ವಜಾ' ಎಂದು ಬರೆದು ಓದಿ ಹೇಳಿದಾಗ ಆ ತಾಯಿ, "ಹಾಗಾದರೆ ನನ್ನ ಮಗ ಸೋತನೇ?" ಎಂದು ಕೇಳಿದರು. ನಾಳೆ ಮಧ್ಯಾಹ್ನದೊಳಗೆ ಪ್ರತಿ ಕೊಡಬೇಕಾಗಿದೆ. ಸರಿಯಾದ ಪದವನ್ನು ದಯವಿಟ್ಟು ತಿಳಿಸಿ.
– ಅನುವಾದಕ, ಮಡಿಕೇರಿ

'ದೂರು ಹಿಂತೆಗೆತ' ಎಂದರೆ ಸಾಕು. ದಾವೆ, ವಜಾ, ರಾಜಿ ಮೂರೂ ಅರಬ್ಬಿಯಿಂದ ಪಾರಸಿಯ ಮೂಲಕ ಕಚೇರಿಗಳಿಗೆ ಬಂದವು. ನಮ್ಮವೇ ಮಾತುಗಳಿರುವಾಗ ಎರವಲನ್ನು ಸಾಕುವುದು ನನಗೆ ಒಪ್ಪಿಗೆಯಿಲ್ಲ.
– ಕುಶಾಲನಗರದಿಂದ

'ದೂರು' ಇಲ್ಲಿ ತಪ್ಪು. ದೂರು ಎಂದೊಡನೆ ಊರಿನವರಿಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಈ ಸಿವಿಲ್ ದಾವೆಯ ಮೇಲೆ ಇಲ್ಲದ ಕ್ರಿಮಿನಲ್ ನೆರಳು ಬೀಳುತ್ತದೆ. ಎರವಲಿನ ಮೇಲಿನ ಸಿಟ್ಟಿಗೆ ಅರ್ಥವನ್ನು ಬಲಿಕೊಡಬಾರದು.

'ವಜಾ' ಬೇಡವೆನ್ನುವುದಕ್ಕೆ ನನ್ನ ಕಾರಣ ಬೇರೆ. ಆ ಪದದ ಮೂಲದಲ್ಲಿರುವುದು ಕಳೆಯುವ, ಕೆಳಗಿಳಿಸುವ ಅರ್ಥ. ಕಾಫಿ ತೂಕದ ಚೀಟಿಯಲ್ಲಿ ಗೋಣಿಚೀಲದ ಭಾರ ಕಳೆಯುವಾಗ 'ಚೀಲ ವಜಾ' ಎಂದು ಬರೆದದ್ದನ್ನು ನಾನೇ ಕಂಡಿದ್ದೇನೆ. ನ್ಯಾಯಾಲಯದಲ್ಲಿ ಅದು ನ್ಯಾಯಾಧೀಶರು ದಾವೆಯನ್ನು ತಳ್ಳಿಹಾಕುವ ಮಾತು. ವಾದಿಯೇ ಒಪ್ಪಿ ಬಿಟ್ಟದ್ದನ್ನು ವಜಾ ಎಂದರೆ ಕರ್ತೃವೇ ಬದಲಾಗುತ್ತಾನೆ. ಆ ತಾಯಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

'ರಾಜಿ ಡಿಕ್ರಿ'ಯೂ ಸಲ್ಲದು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದಡಿ ನ್ಯಾಯಾಲಯವು ರಾಜಿಯನ್ನು ದಾಖಲಿಸಿಕೊಂಡು ಡಿಕ್ರಿಯನ್ನು, ಅಂದರೆ ತೀರ್ಪಿನ ವಿಧಿವತ್ತಾದ ಆಜ್ಞೆಯನ್ನು, ಕೊಡುತ್ತದೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 41ರಡಿ ಹಾಜರಾದ ಎಲ್ಲ ಪಕ್ಷಕಾರರ ಸಹಿಯಿರುವ ಪತ್ರ ಸಲ್ಲಿಸಿದರೆ ಸಾಮಾನ್ಯವಾಗಿ ನ್ಯಾಯಾಧೀಶರ ಆದೇಶವೇ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ನಮ್ಮಲ್ಲಿ ಅದೇ ಆದೇಶದ 1ನೆಯ ನಿಯಮದಂತೆ ನ್ಯಾಯಾಲಯದ ಅನುಮತಿ ಪಡೆಯದೆ ದಾವೆ ಹಿಂತೆಗೆದುಕೊಂಡರೆ ಅದೇ ವಿಷಯಕ್ಕೆ ಮರುದಾವೆ ಹೂಡುವಂತಿಲ್ಲ. ಅಲ್ಲಿ ಇಂಥ ಪತ್ರದಲ್ಲಿ ಬೇರೇನೂ ಹೇಳದಿದ್ದರೆ ಮರುದಾವೆಗೆ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ನಿರ್ಬಂಧವನ್ನು ಶೀರ್ಷಿಕೆಯಲ್ಲೇ ಬರೆಯಿರಿ: 'ಉಭಯ ಪಕ್ಷಗಳ ರಾಜಿಯ ಮೇರೆಗೆ, ಮರುದಾವೆಗೆ ಅವಕಾಶವಿಲ್ಲದಂತೆ, ದಾವೆ ಹಿಂತೆಗೆತ'.
– ವಕೀಲ, ವಿರಾಜಪೇಟೆ

'ರಾಜಿ'ಯ ಬದಲು 'ಒಡಂಬಡಿಕೆ' ಎನ್ನಿ. ಮಿಕ್ಕದ್ದಕ್ಕೆ ತಕರಾರಿಲ್ಲ.
– ಕುಶಾಲನಗರದಿಂದ

ಒಡಂಬಡಿಕೆ ಜಗಳವಿಲ್ಲದೆಯೂ ಆಗುತ್ತದೆ. ರಾಜಿ ಜಗಳದ ನಂತರದ್ದು. 'ರಾಜಿ'ಯೇ ಇರಲಿ.
– ವಕೀಲ, ವಿರಾಜಪೇಟೆ

ವಕೀಲರು ಕೊಟ್ಟ ಶೀರ್ಷಿಕೆಯನ್ನೇ ಹಾಕಿ, 'ಯಾರ ಪರವಾಗಿಯೂ ತೀರ್ಪು ಆಗಿಲ್ಲ' ಎಂಬ ಟಿಪ್ಪಣಿಯನ್ನು ಅನುವಾದಕನ ಮಾತೆಂದು ಕೆಳಗೆ ಸೇರಿಸಿದ್ದೇನೆ. ಇಬ್ಬರಿಗೂ ವಂದನೆಗಳು.
– ಅನುವಾದಕ, ಮಡಿಕೇರಿ