ಒಂದು ಎಲೆ ನೋಡಲೋ, ಇಡೀ ತೋಟ ನೋಡಲೋ?

ಸಮಸ್ಯೆ: ದಾಳಿಂಬೆಗೆ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಎರಡು ವರ್ಷದಿಂದ ಒಂದೇ ದುಂಡಾಣು, ಒಂದೇ ಲ್ಯಾಬ್. ಉಳಿದ ರೋಗಗಳ ಬಗ್ಗೆ ಓದಿದ್ದೆಲ್ಲ ಮರೆತಿದೆ. ಓದಲು ಕೂತರೆ ಲ್ಯಾಬ್ ಕೆಲಸ ನಿಲ್ಲುತ್ತದೆ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಬಾಗಲಕೋಟೆ

ತಂಗಿ, ನನ್ನದು ನಾಲ್ಕು ಎಕರೆ ಭಗವಾ ತಳಿಯ ದಾಳಿಂಬೆ. ಹೋದ ವರ್ಷ ನಿಮ್ಮ ಹಾಗೇ ಪಿಎಚ್‌ಡಿ ಮಾಡುವ ಹುಡುಗ ಬಂದಿದ್ದ. ಅಂಗಮಾರಿಯ, ಎಣ್ಣೆ ಹತ್ತಿದಂಥ ಚುಕ್ಕೆ ಇರುವ ಎಲೆಗಳನ್ನು ಆರಿಸಿ ಕವರಿಗೆ ಹಾಕಿಕೊಂಡ. ಪಕ್ಕದ ಸಾಲಿನಲ್ಲಿ ಒಂದು ಗಿಡದ ಕೊಂಬೆ ಹಳದಿಯಾಗಿ ಬಾಡಿತ್ತು. ‘ಇದೇನಪ್ಪಾ?’ ಅಂದೆ. ‘ಅದು ನನ್ನ ವಿಷಯ ಅಲ್ಲ ಕಾಕಾ’ ಅಂದ. ಆಮೇಲೆ ಬುಡ ಸೀಳಿ ನೋಡಿದರೆ ಒಳಗೆಲ್ಲ ಕಂದು ಗೆರೆ. ಸೊರಗು ರೋಗ! ಅಷ್ಟೊತ್ತಿಗೆ ಹನ್ನೊಂದು ಗಿಡ ಹೋಗಿದ್ದವು. ಹುಡುಗ ಕಷ್ಟಪಡುವವನು, ಅವನ ಮೇಲೆ ಸಿಟ್ಟಿಲ್ಲ. ಆದರೆ ತೋಟಕ್ಕೆ ರೋಗಗಳು ಸರದಿ ಹಚ್ಚಿ ಬರುವುದಿಲ್ಲ, ಅಲ್ವಾ? ಸ್ಯಾಂಪಲ್‌ಗೆ ಬಂದಾಗ ಅರ್ಧ ತಾಸು ಸುಮ್ನೆ ತೋಟ ಸುತ್ತಿ. ಗೊತ್ತಾಗದ್ದನ್ನು ಬರೆದುಕೊಂಡು ಹೋಗಿ, ಅದನ್ನೇ ಓದಿ.
– ದಾಳಿಂಬೆ ಬೆಳೆಗಾರ, ಹುನಗುಂದ ತಾಲ್ಲೂಕು

ಮಗಳೇ, ನಮ್ಮ ತಿಕೋಟಾ ಕಡೆ ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣದ ಕಥೆ ನೆನಪಿದೆಯಾ? 1882ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮಿಯಾರ್ದೆ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದರು. ಡೌನಿ ಎಂಬ ಬೂಜು ರೋಗಕ್ಕೆ ಎಲೆಗಳು ಉದುರಿದ್ದವು. ರಸ್ತೆ ಪಕ್ಕದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕದಿಯಬಾರದೆಂದು ರೈತರು ಅವಕ್ಕೆ ಮೈಲುತುತ್ತ, ಸುಣ್ಣ ಸಿಂಪಡಿಸಿದ್ದರು. ರೋಗವನ್ನು ಆಳವಾಗಿ ತಿಳಿದಿದ್ದಕ್ಕೇ ಆ ಹಸಿರು ಮಿಯಾರ್ದೆ ಅವರ ಕಣ್ಣಿಗೆ ಬಿತ್ತು. ಕಳ್ಳರ ಕಾಟದ ಮಾತಿಗೂ ಕಿವಿಗೊಟ್ಟಿದ್ದಕ್ಕೆ ಮದ್ದು ಸಿಕ್ಕಿತು. ನಿನ್ನ ದುಂಡಾಣು ಬಿಡಬೇಡ. ಜೊತೆಗೆ ಬಿಎಸ್ಸಿ ಮಕ್ಕಳಿಗೆ ವಾರಕ್ಕೊಂದು ಪ್ರಾಕ್ಟಿಕಲ್ ತೆಗೆದುಕೋ. ಅವರು ಎಲ್ಲೆಲ್ಲಿಯದೋ ಪ್ರಶ್ನೆ ಕೇಳುತ್ತಾರೆ. ನಾಳೆ ಉತ್ತರ ಹೇಳಬೇಕು ಅಂತ ಓದಿದ್ದು ಮರೆಯುವುದಿಲ್ಲ.
– ನಿವೃತ್ತ ಉಪನ್ಯಾಸಕ, ವಿಜಯಪುರ

ನನ್ನದು ಉಲ್ಟಾ ತಪ್ಪು. ಎಲ್ಲ ತಿಳಿಯಬೇಕೆಂದು ಎರಡು ವರ್ಷ ಬರೀ ಓದಿದೆ. ಪ್ರಿಂಟ್ ತೆಗೆದ ಪೇಪರ್ ಎರಡು ಚೀಲ ಆದವು, ಡೇಟಾ ಮಾತ್ರ ಒಂದು ಪುಟವೂ ಇರಲಿಲ್ಲ. ಥೀಸಿಸ್ ಕೊಟ್ಟಿದ್ದು ಆರನೇ ವರ್ಷದಲ್ಲಿ. ಅಂಗಮಾರಿ ಜಾಸ್ತಿ ಹರಡುವುದು ಮಳೆಗಾಲದಲ್ಲಿ. ಆಗ ಬೇರೆ ಓದು ಬದಿಗಿಡಿ, ತೋಟದಲ್ಲೇ ಇರಿ. ಉಳಿದಂತೆ, ನಿಮ್ಮ ದುಂಡಾಣು ಪ್ಲೇಟಿನಲ್ಲಿ ಬೆಳೆಯಲು ಎರಡು ಮೂರು ದಿನ ಬೇಕಲ್ಲ? ಆಗ ಇನ್‌ಕ್ಯುಬೇಟರ್ ಬಾಗಿಲು ಮತ್ತೆ ಮತ್ತೆ ತೆಗೆದು ನೋಡುವ ಬದಲು ಲೈಬ್ರರಿಗೆ ಹೋಗಿ.
– ಈಚೆಗೆ ಪಿಎಚ್‌ಡಿ ಮುಗಿಸಿದವಳು, ಬೆಳಗಾವಿ